ಪರದೆಯ ಮೇಲಿನ ಬಿಲಿಯರ್ಡ್ಸ್ ಮೇಜು



ಮನೆಯಲ್ಲಿ ಮಕ್ಕಳು ಮೊಬೈಲ್ ಹಿಡಿದು ಪೂಲ್ ಆಡುವುದನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಪರದೆಯ ಮೇಲೊಂದು ಹಸಿರು ಮೇಜು, ಬಣ್ಣಬಣ್ಣದ ಚೆಂಡುಗಳು, ಆರು ಪಾಕೆಟ್ಟುಗಳು, ಬೆರಳಿನಿಂದ ಎಳೆದು ಬಿಟ್ಟರೆ ಮುನ್ನುಗ್ಗುವ ಒಂದು ಕೋಲು. ಇದನ್ನು ಕಂಡ ಹಿರಿಯರು ಹೊತ್ತು ಹಾಳು ಎಂದು ಗದರಿಸುವುದುಂಟು. ಆ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಇಂಥ ಆಟಗಳಲ್ಲಿ ಶ್ರದ್ಧೆಯಿಂದ ಮಾಡಿದವೂ ಇವೆ. ಅವುಗಳ ಒಳಗೆ ಚಲನೆಯ ನಿಯಮಗಳೆಲ್ಲ ಅಚ್ಚುಕಟ್ಟಾಗಿ ಕೂತಿವೆ. ಅವು ನಮ್ಮ ಕಣ್ಣನ್ನು ತಿದ್ದಬಲ್ಲವು, ಬುದ್ಧಿಯನ್ನು ಹರಿತಗೊಳಿಸಬಲ್ಲವು. ಕೈಯನ್ನು ಪಳಗಿಸುವ ಕೆಲಸ ಮಾತ್ರ ಅವುಗಳಿಂದಾಗದು. ಅದಕ್ಕೆ ನಿಜವಾದ ಮೇಜೇ ಬೇಕು. ಇವೆರಡನ್ನೂ ಹೇಗೆ ಬಳಸಿಕೊಳ್ಳಬಹುದು ಎಂಬುದನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ಪೂಲ್, ಬಿಲಿಯರ್ಡ್ಸ್, ಸ್ನೂಕರ್ ಎಂಬ ಮೇಜಿನ ಆಟಗಳ ಪೈಕಿ ಸ್ನೂಕರ್ ನಮ್ಮ ದೇಶದಲ್ಲೇ ಹುಟ್ಟಿದ್ದು. 1875ರಲ್ಲಿ ಜಬಲ್ಪುರದಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಸೇನಾಧಿಕಾರಿ ಅದನ್ನು ರೂಪಿಸಿದರು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚೇಂಬರ್ಲೇನ್ ಬೇರೆಯವರು. 1880ರ ದಶಕದಲ್ಲಿ ಕರ್ನಾಟಕದ ಗಡಿಯಾಚೆಗೇ ಇರುವ ಊಟಿಯ ಕ್ಲಬ್ಬಿನಲ್ಲಿ ಆಟದ ನಿಯಮಗಳು ಗಟ್ಟಿಯಾದವು. ಹುಟ್ಟಿದ್ದು ಇಲ್ಲೇ ಆದರೂ ಆಟ ಬಹುಕಾಲ ಕ್ಲಬ್ಬಿನ ಬಾಗಿಲ ಒಳಗೇ ಉಳಿಯಿತು. ಅದಕ್ಕೆ ಕಾರಣವೂ ಇದೆ. ಸ್ನೂಕರ್ ಮತ್ತು ಬಿಲಿಯರ್ಡ್ಸ್ ಆಡುವ ಪೂರ್ಣ ಅಳತೆಯ ಮೇಜು 12 ಅಡಿ ಉದ್ದ, 6 ಅಡಿ ಅಗಲ. ಬಟ್ಟೆಯ ಕೆಳಗಿರುವುದು ಹಲಗೆಯಲ್ಲ, ದಪ್ಪನೆಯ ಸ್ಲೇಟ್ ಕಲ್ಲು. ಮೇಜಿನ ತೂಕ ಒಂದು ಟನ್ನನ್ನೂ ಮೀರುತ್ತದೆ. ಸುತ್ತ ನಿಂತು ಕೋಲು ಬೀಸಲು ಜಾಗ ಬೇಕು, ಮೇಲೆ ನೆರಳು ಬೀಳದ ಹಾಗೆ ದೀಪ ಬೇಕು. ಸಾಮಾನ್ಯ ಮನೆಯಲ್ಲಿ ಇದೆಲ್ಲ ಆಗುವ ಮಾತಲ್ಲ. ಹೀಗಾಗಿ ನಮ್ಮ ಎಷ್ಟೋ ಮಕ್ಕಳಿಗೆ ಈ ಆಟದ ಮೊದಲ ಪರಿಚಯ ಆಗುವುದು ಪರದೆಯ ಮೇಲೆಯೇ.

ಕಂಪ್ಯೂಟರಿಗೂ ಈ ಆಟಕ್ಕೂ ಇರುವ ನಂಟು ಇವತ್ತಿನದಲ್ಲ. 1954ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಬ್ರೌನ್ ಮತ್ತು ಟೆಡ್ ಲೂಯಿಸ್ ಎಂಬಿಬ್ಬರು ಮಿಡ್‌ಸ್ಯಾಕ್ ಎಂಬ ಯಂತ್ರದ ಮೇಲೆ ಒಂದು ಪೂಲ್ ಆಟವನ್ನು ಮಾಡಿ ತೋರಿಸಿದರು. 13 ಅಂಗುಲದ ಪರದೆಯ ಮೇಲೆ ಚುಕ್ಕಿಗಳಾಗಿ ಕಾಣುತ್ತಿದ್ದ ಚೆಂಡುಗಳು ಆಟಗಾರನ ಕಣ್ಣೆದುರಿಗೇ ಒಂದಕ್ಕೊಂದು ಬಡಿದು ಚದುರುತ್ತಿದ್ದವು. ಕಂಪ್ಯೂಟರಿನಲ್ಲಿ ಬಿಂಬಗಳು ಆಡುವ ಹೊತ್ತಿಗೇ ಹೀಗೆ ಚಲಿಸಿದ ಮೊದಮೊದಲ ಆಟಗಳಲ್ಲಿ ಅದೂ ಒಂದು. ಯಂತ್ರದ ಲೆಕ್ಕದ ವೇಗ ಎಷ್ಟೆಂದು ಜನರಿಗೆ ಮನದಟ್ಟು ಮಾಡಿಸಲು ಅವರು ಆರಿಸಿಕೊಂಡದ್ದು ಪೂಲ್ ಮೇಜನ್ನೇ ಎಂಬುದನ್ನು ಗಮನಿಸಿ. ಅಳತೆ ಗೊತ್ತಿರುವ ಮೇಜು, ಒಂದೇ ತೂಕದ ಚೆಂಡುಗಳು, ಲೆಕ್ಕಕ್ಕೆ ಸಿಗುವ ಡಿಕ್ಕಿಗಳು. ಕಂಪ್ಯೂಟರಿಗೆ ಹೇಳಿ ಮಾಡಿಸಿದ ಕೆಲಸ ಅದು.

ಅದಕ್ಕಿಂತ ಬಹಳ ಹಿಂದೆಯೇ ಲೆಕ್ಕದ ಬುನಾದಿ ಬಿದ್ದಿತ್ತು. ಭೂಮಿಯ ತಿರುಗಾಟದಿಂದ ಗಾಳಿಯ ದಿಕ್ಕು ಬದಲಾಗುವುದನ್ನು ವಿವರಿಸುವಾಗ ಕೊರಿಯೋಲಿಸ್ ಎಂಬ ಹೆಸರನ್ನು ಶಾಲೆಯಲ್ಲಿ ಕೇಳಿರುತ್ತೀರಿ. ಫ್ರಾನ್ಸಿನ ಆ ವಿಜ್ಞಾನಿಯೇ 1835ರಲ್ಲಿ ಬಿಲಿಯರ್ಡ್ಸ್ ಆಟದ ಗಣಿತದ ಬಗ್ಗೆ ಒಂದು ಇಡೀ ಪುಸ್ತಕ ಬರೆದರು. ಚೆಂಡು ಯಾಕೆ ಬಾಗುತ್ತದೆ, ಯಾಕೆ ಹಿಂದಕ್ಕೆ ಬರುತ್ತದೆ, ಕೋಲು ಎಲ್ಲಿ ತಗುಲಿದರೆ ಏನಾಗುತ್ತದೆ ಎಂಬುದನ್ನೆಲ್ಲ ಅವರು ಸಮೀಕರಣಗಳಲ್ಲಿ ಹಿಡಿದಿಟ್ಟರು. ಇವತ್ತಿನ ಆಟಗಳ ಒಳಗೆ ಓಡುವ ಲೆಕ್ಕಕ್ಕೂ ಅವರ ಪುಸ್ತಕಕ್ಕೂ ನೇರ ರಕ್ತಸಂಬಂಧವಿದೆ.

ಕಂಪ್ಯೂಟರ್ ಆಟಗಳ ಆಮೇಲಿನ ಹಾದಿಯನ್ನು ಬೇಗ ಹೇಳಿ ಮುಗಿಸುತ್ತೇನೆ. 1985ರ ಸುಮಾರಿಗೆ ಜಪಾನಿನಿಂದ ಬಂದ ಲೂನಾರ್ ಪೂಲ್ ಎಂಬ ಆಟದಲ್ಲಿ ಮೇಜಿನ ಘರ್ಷಣೆಯನ್ನು ಆಡುವವರೇ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದಿತ್ತು. 1991ರಲ್ಲಿ ಇಂಗ್ಲೆಂಡಿನ ಆರ್ಚರ್ ಮೆಕ್ಲೀನ್, ಸ್ನೂಕರ್ ಆಟಗಾರ ಜಿಮ್ಮಿ ವೈಟ್ ಹೆಸರಿನಲ್ಲಿ ಒಂದು ಆಟ ತಂದರು. ಅದರಲ್ಲಿ ಮೇಜಿನ ಸುತ್ತ ಯಾವ ದಿಕ್ಕಿನಿಂದ ಬೇಕಾದರೂ ನೋಡಬಹುದಿತ್ತು. ಹೊಡೆಯಲು ತಡ ಮಾಡಿದರೆ ಚೆಂಡುಗಳು ಮುಖ ಸಿಂಡರಿಸುತ್ತಿದ್ದವು. 1995ರಲ್ಲಿ ಸೆಲೆರಿಸ್ ಸಂಸ್ಥೆಯ ವರ್ಚುವಲ್ ಪೂಲ್ ಬಂತು. ಅದರಲ್ಲಿ ಮೌಸನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಕೋಲು ಹಾಗೆಯೇ ಚಲಿಸುತ್ತಿತ್ತು. ಈಗ ಫೋನಿನಲ್ಲಿ ಎಲ್ಲರಿಗೂ ಗೊತ್ತಿರುವುದು ಮಿನಿಕ್ಲಿಪ್ ಸಂಸ್ಥೆಯ 8 ಬಾಲ್ ಪೂಲ್.

ಇನ್ನು ಪರದೆಯ ಒಳಗೆ ನಡೆಯುವುದೇನು ಎಂಬುದಕ್ಕೆ ಬರೋಣ. ಒಂದೇ ಒಂದು ಹೊಡೆತವನ್ನು ತೆಗೆದುಕೊಂಡು ನಿಧಾನವಾಗಿ ನೋಡೋಣ.

ಕೇರಂ ನಮಗೆಲ್ಲ ಗೊತ್ತು. ಕೇರಂ ಕಾಯಿ ಚಪ್ಪಟೆ. ಅದು ಕೊನೆಯವರೆಗೂ ಜಾರುತ್ತದೆ. ಬಿಲಿಯರ್ಡ್ಸ್ ಚೆಂಡು ಹಾಗಲ್ಲ. ಬಿಳಿ ಚೆಂಡಿನ ನಟ್ಟನಡುವೆ ಕೋಲು ತಗುಲಿತು ಎನ್ನಿ. ಮೊದಲ ಕ್ಷಣದಲ್ಲಿ ಚೆಂಡು ಉರುಳುವುದಿಲ್ಲ, ಬಟ್ಟೆಯ ಮೇಲೆ ಜಾರುತ್ತದೆ. ಬಟ್ಟೆಯ ಘರ್ಷಣೆ ಅದರ ವೇಗವನ್ನು ಕುಗ್ಗಿಸುತ್ತಲೇ ಅದಕ್ಕೆ ಉರುಳನ್ನೂ ಕೊಡುತ್ತ ಹೋಗುತ್ತದೆ. ಕೊನೆಗೆ ಜಾರುವುದು ನಿಂತು ಚೆಂಡು ಪೂರ್ತಿ ಉರುಳತೊಡಗುತ್ತದೆ. ಆ ಹೊತ್ತಿಗೆ ಅದರಲ್ಲಿ ಉಳಿದಿರುವುದು ಹೊರಟಾಗಿನ ವೇಗದ ಏಳು ಪಾಲಿನಲ್ಲಿ ಐದು ಪಾಲು. ಬಟ್ಟೆ ಹೊಸದಿರಲಿ, ಸವೆದಿರಲಿ, ಈ ಪ್ರಮಾಣ ಬದಲಾಗುವುದಿಲ್ಲ. ಬದಲಾಗುವುದು, ಎಷ್ಟು ದೂರ ಹೋದ ಮೇಲೆ ಉರುಳತೊಡಗುತ್ತದೆ ಎಂಬುದಷ್ಟೇ.

ನಡುವಿಗಿಂತ ಕೆಳಗೆ ಹೊಡೆದರೆ ಚೆಂಡು ಮುಂದಕ್ಕೆ ಹೋಗುತ್ತಲೇ ಹಿಂದಕ್ಕೆ ತಿರುಗುತ್ತಿರುತ್ತದೆ. ಎದುರಿನ ಚೆಂಡಿಗೆ ನೇರವಾಗಿ ಬಡಿದು ಮುಂದಿನ ವೇಗವನ್ನೆಲ್ಲ ಅದಕ್ಕೆ ಒಪ್ಪಿಸಿದ ಮೇಲೆ ಆ ತಿರುಗು ಬಟ್ಟೆಯನ್ನು ಹಿಡಿದು ಬಿಳಿ ಚೆಂಡನ್ನು ವಾಪಸು ಎಳೆದು ತರುತ್ತದೆ. ಆಟಗಾರರು ಇದಕ್ಕೆ ಸ್ಕ್ರೂ ಅನ್ನುತ್ತಾರೆ. ಮೇಲಕ್ಕೆ ಹೊಡೆಯುವುದಕ್ಕೂ ಒಂದು ಲೆಕ್ಕವಿದೆ. ಮೇಜಿನಿಂದ ಅಳೆದರೆ ಚೆಂಡಿನ ಎತ್ತರದ ಹತ್ತರಲ್ಲಿ ಏಳು ಭಾಗದಷ್ಟು ಮೇಲೆ, ಅಂದರೆ 52.5 ಮಿಲಿಮೀಟರ್ ಅಳತೆಯ ಸ್ನೂಕರ್ ಚೆಂಡಿನಲ್ಲಿ ಸುಮಾರು 37 ಮಿಲಿಮೀಟರ್ ಎತ್ತರದಲ್ಲಿ, ಕೋಲು ನೇರವಾಗಿ ತಗುಲಿದರೆ ಚೆಂಡು ಜಾರದೆ ಮೊದಲ ಕ್ಷಣದಿಂದಲೇ ಉರುಳುತ್ತದೆ.

ಈಗ ಡಿಕ್ಕಿಯ ವಿಷಯ. ಬಿಳಿ ಚೆಂಡಿನ ನಡುವನ್ನು ಕೆಂಪು ಚೆಂಡಿನ ಅಂಚಿಗೆ ಗುರಿಯಿಟ್ಟು ಹೊಡೆಯಿರಿ. ಇದು ಹಾಫ್ ಬಾಲ್ ಹೊಡೆತ. ಕೆಂಪು ಚೆಂಡು ಬಿಳಿಯ ದಾರಿಯಿಂದ 30 ಡಿಗ್ರಿ ಪಕ್ಕಕ್ಕೆ ಹೋಗುತ್ತದೆ. ಬಿಳಿ ಚೆಂಡು ಎಲ್ಲಿಗೆ ಹೋಗಬೇಕು? ಒಂದೇ ತೂಕದ ಎರಡು ಚೆಂಡುಗಳು ಡಿಕ್ಕಿಯಾದರೆ 90 ಡಿಗ್ರಿ ಬಿಟ್ಟು ಚದುರುತ್ತವೆ ಎಂದು ಪಾಠದಲ್ಲಿ ಓದಿರುತ್ತೇವೆ. ಹಾಗಾದರೆ ಬಿಳಿ ಇನ್ನೊಂದು ಪಕ್ಕಕ್ಕೆ 60 ಡಿಗ್ರಿ ತಿರುಗಬೇಕು. ಉರುಳು ಇಲ್ಲದೆ ಜಾರುತ್ತ ಬಂದ ಚೆಂಡು ಹಾಗೆಯೇ ತಿರುಗುತ್ತದೆ. ಆದರೆ ನಿಧಾನವಾಗಿ ಉರುಳುತ್ತ ಬಂದ ಚೆಂಡಿನಲ್ಲಿ ಡಿಕ್ಕಿಯ ಮೇಲೂ ಮುಂದಕ್ಕೆ ಉರುಳುವ ತಿರುಗು ಉಳಿದಿರುತ್ತದೆ. ಅದು ಚೆಂಡನ್ನು ಬಾಗಿಸಿ ಮುಂದಕ್ಕೆ ತಳ್ಳುತ್ತದೆ. ಕೊನೆಗೆ ಬಿಳಿ ಹಿಡಿಯುವ ದಾರಿ ಸುಮಾರು 34 ಡಿಗ್ರಿ.

ಇದರಲ್ಲಿ ಇನ್ನೊಂದು ಸೊಗಸಿದೆ. ಕೆಂಪಿನ ಕಾಲು ಭಾಗಕ್ಕೆ ತಗುಲಿದರೂ, ಮುಕ್ಕಾಲು ಭಾಗಕ್ಕೆ ತಗುಲಿದರೂ, ಉರುಳುತ್ತ ಬಂದ ಬಿಳಿ ಚೆಂಡು ತಿರುಗುವುದು 27ರಿಂದ 34 ಡಿಗ್ರಿಯ ಒಳಗೇ. ಗುರಿ ಕೊಂಚ ತಪ್ಪಿದರೂ ಬಿಳಿಯ ದಾರಿ ಹೆಚ್ಚು ಕೆಡುವುದಿಲ್ಲ. ಇಂಗ್ಲಿಷ್ ಬಿಲಿಯರ್ಡ್ಸ್‌ನಲ್ಲಿ ಆಡುವುದು ಮೂರೇ ಚೆಂಡುಗಳಿಂದ. ಕೆಂಪಿಗೆ ತಾಗಿ ಬಿಳಿ ತಾನೇ ಪಾಕೆಟ್ಟಿಗೆ ಇಳಿದರೆ ಅದು ತಪ್ಪಲ್ಲ, ಮೂರು ಅಂಕ. ಅದಕ್ಕೆ ಇನ್-ಆಫ್ ಎನ್ನುತ್ತಾರೆ. ಆ ಆಟದವರು ಹಾಫ್ ಬಾಲ್ ಇನ್-ಆಫನ್ನು ನೆಚ್ಚಿಕೊಳ್ಳುವುದು ಈ ಕಾರಣಕ್ಕೇ. ಸಮೀಕರಣ ಬರೆಯದೆಯೇ ಆಟಗಾರರು ತಲೆಮಾರುಗಳಿಂದ ಇದನ್ನು ಕಂಡುಕೊಂಡಿದ್ದರು.

ನಿಮ್ಮ ಫೋನಿನ ಆಟ ಎಷ್ಟು ನಿಜ ಎಂದು ಪರೀಕ್ಷಿಸಲೂ ಇದೇ ಹೊಡೆತ ಸಾಕು. ಸಾಕಷ್ಟು ದೂರದಿಂದ, ಮೆಲ್ಲಗೆ, ಕೆಂಪಿನ ಅಂಚಿಗೆ ಗುರಿಯಿಟ್ಟು ಹೊಡೆದು ನೋಡಿ. ಬಿಳಿ 60 ಡಿಗ್ರಿ ತಿರುಗಿ ನೇರ ಗೆರೆಯಲ್ಲಿ ಹೊರಟು ಹೋದರೆ ಆ ಆಟದಲ್ಲಿ ಚೆಂಡು ಉರುಳುವುದೇ ಇಲ್ಲ; ಅದು ಕೇರಂ ಕಾಯಿಯ ಲೆಕ್ಕ. ಬಿಳಿ ಬಾಗಿ ಮುಂದೆ ಬಂದು 34 ಡಿಗ್ರಿಯ ಆಸುಪಾಸಿನ ದಾರಿ ಹಿಡಿದರೆ, ಮಾಡಿದವರಿಗೆ ಆಟ ಗೊತ್ತಿದೆ ಎಂದು ನಂಬಬಹುದು.

ಇದನ್ನೆಲ್ಲ ಕಂಪ್ಯೂಟರ್ ಲೆಕ್ಕ ಹಾಕುವುದು ಹೇಗೆ? ಎರಡು ದಾರಿಗಳಿವೆ. ಮೊದಲನೆಯದು, ಕಾಲವನ್ನು ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿಗೂ ಚೆಂಡನ್ನು ಕೊಂಚ ಕೊಂಚ ಸರಿಸುತ್ತ ಹೋಗುವುದು. ಇಲ್ಲಿ ಎಚ್ಚರ ಬೇಕು. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಓಡುವ ಚೆಂಡು ಸೆಕೆಂಡಿನ 60ನೇ ಒಂದು ಭಾಗದಲ್ಲಿ 83 ಮಿಲಿಮೀಟರ್ ಸಾಗುತ್ತದೆ. ಅದು ಚೆಂಡಿನ ಅಳತೆಗಿಂತ ಹೆಚ್ಚು. ತುಂಡುಗಳು ಅಷ್ಟು ದೊಡ್ಡದಾದರೆ ಪರದೆಯ ಮೇಲೆ ಒಂದು ಚೆಂಡು ಇನ್ನೊಂದನ್ನು ಮುಟ್ಟದೆ ಹಾದುಹೋಗಿಬಿಡಬಹುದು. ಎರಡನೆಯ ದಾರಿ ಹೆಚ್ಚು ಜಾಣತನದ್ದು. ಮುಂದಿನ ಘಟನೆ ಯಾವುದು, ಯಾವ ಕ್ಷಣದಲ್ಲಿ, ಎಂದು ಮೊದಲೇ ಲೆಕ್ಕ ಹಾಕಿ ನೇರವಾಗಿ ಆ ಕ್ಷಣಕ್ಕೆ ಹಾರುವುದು. ಘಟನೆ ಎಂದರೆ ಎರಡು ಚೆಂಡು ತಾಗುವುದು, ಚೆಂಡು ಮೇಜಿನ ಅಂಚಿನ ಕುಶನ್ನಿಗೆ ಬಡಿಯುವುದು, ಜಾರುವುದು ನಿಂತು ಉರುಳತೊಡಗುವುದು, ಪಾಕೆಟ್ಟಿಗೆ ಬೀಳುವುದು, ನಿಲ್ಲುವುದು. ಎರಡು ಚೆಂಡುಗಳು ಯಾವಾಗ ತಾಗುತ್ತವೆ ಎಂಬ ಪ್ರಶ್ನೆ ನಾಲ್ಕನೆಯ ಘಾತದ ಸಮೀಕರಣವಾಗುತ್ತದೆ. ಅದನ್ನು ಬಿಡಿಸಿದರೆ ಉತ್ತರ ಕರಾರುವಾಕ್ಕಾಗಿ ಸಿಗುತ್ತದೆ. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ವಿಲ್ ಲೆಕಿ ಮತ್ತು ಮೈಕೆಲ್ ಗ್ರೀನ್‌ಸ್ಪಾನ್ ಈ ರೀತಿಯ ಪೂಲ್‌ಫಿಜ್ ಎಂಬ ತಂತ್ರಾಂಶವನ್ನು ಮಾಡಿದರು.

ಆ ತಂತ್ರಾಂಶದ ಮೇಲೆ ಕಂಪ್ಯೂಟರುಗಳೇ ಪರಸ್ಪರ ಪೂಲ್ ಆಡಿದವು. ಕಂಪ್ಯೂಟರ್ ಒಲಿಂಪಿಯಾಡ್ ಎಂಬ ಸ್ಪರ್ಧೆಗೆ 2005ರಲ್ಲಿ ಪೂಲ್ ಸೇರಿತು. ಆ ವರ್ಷ ಗೆದ್ದದ್ದು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಪಿಕ್‌ಪಾಕೆಟ್. 2008ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ಕ್ಯೂಕಾರ್ಡ್ ಗೆದ್ದಿತು. ಅಲ್ಲಿ ಒಂದು ಹೊಡೆತ ಎಂದರೆ ಐದು ಸಂಖ್ಯೆಗಳು: ಯಾವ ದಿಕ್ಕು, ಎಷ್ಟು ವೇಗ, ಕೋಲನ್ನು ಎಷ್ಟು ಎತ್ತಿ ಹಿಡಿದಿದೆ, ಬಿಳಿ ಚೆಂಡಿನ ಮೇಲೆ ಎಡಬಲದಲ್ಲಿ ಎಲ್ಲಿ, ಮೇಲೆ ಕೆಳಗೆ ಎಲ್ಲಿ. ಯಂತ್ರ ಐದನ್ನೂ ಸರಿಯಾಗಿ ಕೊಟ್ಟರೆ ತಪ್ಪುವ ಮಾತೇ ಇಲ್ಲವಲ್ಲ? ಅದಕ್ಕಾಗಿ ಸ್ಪರ್ಧೆ ನಡೆಸುವವರು ಪ್ರತಿ ಸಂಖ್ಯೆಯಲ್ಲೂ ಒಂದಿಷ್ಟು ಅಡ್ಡಾದಿಡ್ಡಿ ತಪ್ಪನ್ನು ಬೇಕೆಂದೇ ಬೆರೆಸುತ್ತಿದ್ದರು. ಮನುಷ್ಯನ ಕೈ ಅಲುಗುವ ಹಾಗೆ ಯಂತ್ರದ ಹೊಡೆತವೂ ಅಲುಗಬೇಕು ಎಂಬುದು ಉದ್ದೇಶ. ಆಗ ಯಂತ್ರಗಳು ಒಳ್ಳೆಯ ಆಟಗಾರರಂತೆ ಯೋಚಿಸಬೇಕಾಯಿತು. ಒಂದೊಂದು ಹೊಡೆತವನ್ನೂ ಚೂರು ಚೂರು ಬದಲಿಸಿ ಮನಸ್ಸಿನಲ್ಲೇ ಹಲವು ಸಲ ಹೊಡೆದು ನೋಡಿ, ತಪ್ಪಿದರೂ ಹೆಚ್ಚು ನಷ್ಟವಾಗದ ಹೊಡೆತವನ್ನು ಆರಿಸುವುದು ಅವುಗಳ ಪದ್ಧತಿ. ಈ ಪಂದ್ಯಗಳಿಂದ ನಾವು ಕಲಿಯಬೇಕಾದ ಮುಖ್ಯ ಪಾಠ ಅದೇ ಎಂದು ನನ್ನ ನಂಬಿಕೆ. ಕಣ್ಣು ಕುಕ್ಕುವ ಹೊಡೆತ ಬೇರೆ, ಕೈ ಕೊಂಚ ತಪ್ಪಿದರೂ ಕೆಡದ ಹೊಡೆತ ಬೇರೆ, ಗೆಲ್ಲಿಸುವುದು ಎರಡನೆಯದು.

ಸಣ್ಣ ತಪ್ಪು ಎಷ್ಟು ಬೆಳೆಯುತ್ತದೆ ಎಂಬುದನ್ನೂ ಹೇಳಬೇಕು. ಬಿಳಿ ಮತ್ತು ಕೆಂಪು ಚೆಂಡುಗಳ ನಡುವೆ ಒಂದು ಮೀಟರ್ ಅಂತರ, ಹೊಡೆತ ಬಹುಮಟ್ಟಿಗೆ ನೇರ ಎಂದಿಟ್ಟುಕೊಳ್ಳಿ. ಗುರಿಯಲ್ಲಿ ಆದ ತಪ್ಪು ಕೆಂಪು ಚೆಂಡಿನ ದಾರಿಯಲ್ಲಿ ಸುಮಾರು 18 ಪಟ್ಟಾಗುತ್ತದೆ. ಚೆಂಡು ದುಂಡಗಿರುವುದೇ ಇದಕ್ಕೆ ಕಾರಣ. ಆ ಕೆಂಪು ಇನ್ನೊಂದು ಮೀಟರ್ ಓಡಿ ಮತ್ತೊಂದು ಚೆಂಡಿಗೆ ಬಡಿದರೆ ತಪ್ಪು 300 ಪಟ್ಟನ್ನೂ ಮೀರುತ್ತದೆ. ಸ್ನೂಕರ್ ದಿಗ್ಗಜರು ಬಿಳಿ ಚೆಂಡನ್ನು ಗುರಿಯ ಚೆಂಡಿನ ಹತ್ತಿರಕ್ಕೇ ತಂದು ನಿಲ್ಲಿಸಲು ಅಷ್ಟು ಶ್ರಮಪಡುವುದು ಯಾಕೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ದೂರ ಕಡಿಮೆಯಾದಷ್ಟೂ ತಪ್ಪಿನ ಬೆಳವಣಿಗೆ ಕಡಿಮೆ.

ಇಷ್ಟೆಲ್ಲ ಕಲಿಸುವ ಪರದೆ ಕಲಿಸದೇ ಬಿಡುವುದೂ ಬಹಳಷ್ಟಿದೆ. ಸ್ನೂಕರ್ ಮೇಜಿನ ಉಣ್ಣೆ ಬಟ್ಟೆಗೆ ಒಂದು ದಿಕ್ಕಿಗೆ ಮಲಗಿದ ಎಳೆಗಳಿರುತ್ತವೆ. ಅವು ನಿಧಾನವಾಗಿ ಹೋಗುವ ಚೆಂಡನ್ನು ಮೆಲ್ಲಗೆ ಪಕ್ಕಕ್ಕೆ ಸೆಳೆಯುತ್ತವೆ. ಗಾಳಿಯಲ್ಲಿ ತೇವ ಹೆಚ್ಚಿದ ದಿನ ಬಟ್ಟೆಯೂ ಕುಶನ್ನೂ ಬೇರೆಯೇ ರೀತಿ ವರ್ತಿಸುತ್ತವೆ. ಎರಡು ಚೆಂಡುಗಳು ತಾಗುವ ಕ್ಷಣದಲ್ಲಿ ಒಂದರ ಮೈ ಇನ್ನೊಂದನ್ನು ಉಜ್ಜಿ ದಾರಿಯನ್ನು ಕೊಂಚ ತಿರುಗಿಸುತ್ತದೆ. ಕೋಲಿನ ತುದಿಗೆ ಚಾಕ್ ಹಚ್ಚದಿದ್ದರೆ ಅದು ಜಾರಿ ಹೊಡೆತವೇ ಕೆಡುತ್ತದೆ. ಒಳ್ಳೆಯ ತಂತ್ರಾಂಶಗಳು ಇವುಗಳಲ್ಲಿ ಕೆಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಆದರೆ ಕಾಲು ಊರಿ ನಿಲ್ಲುವುದು, ಸೊಂಟ ಬಗ್ಗಿಸಿ ಗದ್ದವನ್ನು ಕೋಲಿನ ಮಟ್ಟಕ್ಕೆ ತರುವುದು, ಎಡಗೈ ಬೆರಳುಗಳಿಂದ ಕೋಲಿಗೆ ಆಸರೆ ಕಟ್ಟುವುದು, ಬಲಗೈ ಮೊಣಕೈಯಿಂದ ಲೋಲಕದಂತೆ ಬೀಸುವುದು, ಹೊಡೆದ ಮೇಲೂ ತಲೆ ಎತ್ತದಿರುವುದು, ಇವನ್ನು ಯಾವ ಪರದೆಯೂ ಕಲಿಸಲಾರದು. ದಿಕ್ಕನ್ನು ಕಣ್ಣು ಅರಿಯಬಹುದು; ಆ ದಿಕ್ಕಿನಲ್ಲಿ ಕೋಲನ್ನು ನೇರವಾಗಿ ಸಾಗಿಸಬೇಕಾದ್ದು ಕೈ.

ಹಾಗಾಗಿ ಫೋನಿನಲ್ಲಿ ಆಡುವ ಯುವಕ ಯುವತಿಯರಿಗೆ ನನ್ನ ಕೆಲವು ಸಲಹೆಗಳು. ಮೊದಲನೆಯದು, ಚೆಂಡು ಹೋಗುವ ದಾರಿಯನ್ನು ಮೊದಲೇ ತೋರಿಸುವ ಗೆರೆಯನ್ನು ಆಫ್ ಮಾಡಿಬಿಡಿ. ಬಹಳಷ್ಟು ಆಟಗಳಲ್ಲಿ ಅದಕ್ಕೆ ಅವಕಾಶವಿರುತ್ತದೆ. ಆ ಗೆರೆ ಇರುವವರೆಗೆ ಯೋಚಿಸುವುದು ಯಂತ್ರ, ನೀವಲ್ಲ. ಎರಡನೆಯದು, ಹೊಡೆಯುವ ಮುಂಚೆ ಬಿಳಿ ಚೆಂಡು ಎಲ್ಲಿ ನಿಲ್ಲುತ್ತದೆ ಎಂದು ಪರದೆಯ ಮೇಲೆ ಬೆರಳಿಟ್ಟು ಗುರುತಿಸಿ, ಆಮೇಲೆ ಹೊಡೆಯಿರಿ. ಕೆಂಪು ಬಿತ್ತೇ ಎಂಬುದಕ್ಕಿಂತ ಬಿಳಿ ನೀವು ಹೇಳಿದ ಕಡೆ ನಿಂತಿತೇ ಎಂಬುದು ದೊಡ್ಡ ಪ್ರಶ್ನೆ. ಮೂರನೆಯದು, ಅಭ್ಯಾಸದ ವಿಭಾಗದಲ್ಲಿ ಚೆಂಡುಗಳನ್ನು ಅದೇ ಜಾಗದಲ್ಲಿಟ್ಟು ಒಂದು ಸಲ ನಡುವಿಗೆ, ಒಂದು ಸಲ ಕೆಳಗೆ, ಒಂದು ಸಲ ಮೇಲೆ ಹೊಡೆದು ವ್ಯತ್ಯಾಸ ನೋಡಿ. ನಿಜದ ಮೇಜಿನ ಮೇಲೆ ಚೆಂಡುಗಳನ್ನು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಮತ್ತೆ ಇಡುವುದು ಕಷ್ಟ. ಪರದೆಯ ದೊಡ್ಡ ಲಾಭ ಇದೇ. ನಾಲ್ಕನೆಯದು, ಹಣ ಪಣಕ್ಕಿಡುವ ಆಟದ ಹತ್ತಿರ ಸುಳಿಯಬೇಡಿ. ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನಿಗೆ ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ.

ಇಷ್ಟು ಮಾಡಿದ ಮೇಲೆ ಒಮ್ಮೆಯಾದರೂ ಮೇಜಿನ ಹತ್ತಿರ ಹೋಗಿ. ನಮ್ಮ ನಾಡಿನಲ್ಲಿ ಈ ಆಟಕ್ಕೆ ಗಟ್ಟಿ ನೆಲೆಯಿದೆ. ಬೆಂಗಳೂರಿನ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಮೇಜುಗಳ ಮೇಲೆ, ಅರವಿಂದ್ ಸವೂರ್ ಅವರ ಮಾರ್ಗದರ್ಶನದಲ್ಲಿ ಬೆಳೆದ ಪಂಕಜ್ ಅಡ್ವಾಣಿ 2024ರ ನವೆಂಬರಿನಲ್ಲಿ ದೋಹಾದಲ್ಲಿ ತಮ್ಮ 28ನೆಯ ವಿಶ್ವ ಪ್ರಶಸ್ತಿ ಗೆದ್ದರು. ಬೆಂಗಳೂರಿನ ಚಿತ್ರಾ ಮಗಿಮೈರಾಜ್, ಉಮಾದೇವಿ ನಾಗರಾಜ್, ವಿದ್ಯಾ ಪಿಳ್ಳೈ ಅವರೂ ವಿಶ್ವಮಟ್ಟದ ಪ್ರಶಸ್ತಿಗಳನ್ನು ತಂದಿದ್ದಾರೆ. ಇವರೆಲ್ಲರಿಗೂ ಮೇಜು ಸಿಕ್ಕಿತು, ಹೇಳಿಕೊಡುವವರು ಸಿಕ್ಕರು. ಜಿಲ್ಲೆ ತಾಲ್ಲೂಕುಗಳಲ್ಲಿ ಫೋನಿನ ಮೇಲೆ ಕೋನಗಳನ್ನು ಕಲಿಯುತ್ತಿರುವ ಮಕ್ಕಳಿಗೆ ಇವೆರಡೂ ಸಿಕ್ಕಿಲ್ಲ.

ಆದ್ದರಿಂದ ನಮ್ಮ ಊರುಗಳ ಕ್ಲಬ್ಬುಗಳ ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ಹಗಲು ಹೊತ್ತಿನಲ್ಲಿ ನಿಮ್ಮ ಮೇಜುಗಳು ಖಾಲಿ ಇರುತ್ತವೆ. ವಾರದಲ್ಲಿ ಒಂದು ಬೆಳಿಗ್ಗೆ ಅವನ್ನು ಹತ್ತಿರದ ಶಾಲೆಯ ಮಕ್ಕಳಿಗೆ ಬಿಟ್ಟುಕೊಡಿ. ಭೌತಶಾಸ್ತ್ರದ ಮೇಷ್ಟ್ರುಗಳು ಚಲನೆಯ ಪಾಠವನ್ನು ಆ ಮೇಜಿನ ಪಕ್ಕದಲ್ಲಿ ಮಾಡಲಿ. ತಂದೆ ತಾಯಂದಿರು ಮಗುವಿನ ಕೈಯಿಂದ ಫೋನು ಕಸಿದುಕೊಳ್ಳುವ ಮೊದಲು, ಚೆಂಡು ಯಾಕೆ ಹಾಗೆ ತಿರುಗಿತು ಎಂದು ಒಮ್ಮೆ ಕೇಳಲಿ. ಮಗು ಸರಿಯಾದ ಉತ್ತರ ಕೊಟ್ಟರೆ ಅದನ್ನು ಕರೆದುಕೊಂಡು ಹೋಗಿ ಅದರ ಕೈಗೆ ನಿಜವಾದ ಕೋಲು ಕೊಡಿಸಿ.